ಹಳೆಯ ವಿಮಾನ, ಹಳೆಯ ಆಟೊ: ಸವಕಳಿಯ ಒಂದು ಪಾಠ



ಲೆಕ್ಕಶಾಸ್ತ್ರದಲ್ಲಿ ಸವಕಳಿ ಅಧ್ಯಾಯವನ್ನು ನಾವೆಲ್ಲ ಓದಿದ್ದೇವೆ. ಯಂತ್ರದ ಬೆಲೆ, ಬಾಳಿಕೆಯ ವರ್ಷ, ಗುಜರಿ ಮೌಲ್ಯ ಕೊಡುತ್ತಾರೆ. ಸೂತ್ರ ಹಾಕಿ ಉತ್ತರ ಬರೆಯುತ್ತೇವೆ, ಅಂಕ ಬರುತ್ತದೆ. ಆದರೆ ಬಾಳಿಕೆ ಮುಗಿದು, ಪುಸ್ತಕದಲ್ಲಿ ಬೆಲೆಯೇ ಉಳಿಯದ ವಸ್ತು ಇನ್ನೂ ಕೆಲಸ ಮಾಡುತ್ತಿದ್ದರೆ ಏನು ಮಾಡಬೇಕು? ಅದನ್ನು ಮಾರಬೇಕೇ, ರಿಪೇರಿ ಮಾಡಿಸಬೇಕೇ? ಈ ಪ್ರಶ್ನೆ ಪಠ್ಯಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಈ ವರ್ಷ ನಮ್ಮ ಮನೆಯಲ್ಲಿ ಅದು ಮೂರು ತಿಂಗಳು ನಡೆಯಿತು. ಅದಕ್ಕೆ ಉತ್ತರ ಹುಡುಕಲು ನನಗೆ ಸಹಾಯ ಮಾಡಿದ್ದು ಹಳೆಯ ವಿಮಾನಗಳು.

ಮೊದಲು ಸೂತ್ರ

ಸವಕಳಿ ಎಂದರೆ ಬಳಕೆಯಿಂದ, ಕಾಲ ಕಳೆಯುವುದರಿಂದ ಅಥವಾ ಹೊಸ ತಂತ್ರಜ್ಞಾನ ಬರುವುದರಿಂದ ಸ್ಥಿರ ಆಸ್ತಿಯ ಮೌಲ್ಯದಲ್ಲಿ ಆಗುವ ಇಳಿಕೆ. ಸರಳ ರೇಖಾ ಪದ್ಧತಿಯಲ್ಲಿ ಪ್ರತಿ ವರ್ಷ ಒಂದೇ ಮೊತ್ತ ಕಳೆಯುತ್ತೇವೆ. ಇಳಿಮುಖ ಶೇಷ ಪದ್ಧತಿಯಲ್ಲಿ ಉಳಿದ ಮೌಲ್ಯದ ಮೇಲೆ ಪ್ರತಿ ವರ್ಷ ಒಂದೇ ಶೇಕಡಾ ದರ ಹಾಕುತ್ತೇವೆ.

ನಮ್ಮ ಅಬ್ಬಾ ಅವರ ಲಗೇಜ್ ಆಟೊ ತೆಗೆದುಕೊಳ್ಳಿ. ಹೊಳವನಹಳ್ಳಿಯಿಂದ ಕೊರಟಗೆರೆ, ಮಧುಗಿರಿ ಮಾರುಕಟ್ಟೆಗೆ ತರಕಾರಿ, ಹುಣಸೆಹಣ್ಣು ಸಾಗಿಸುವ ಗಾಡಿ ಅದು. ಕೊಂಡಾಗಿನ ಬೆಲೆ 2,00,000 ರೂಪಾಯಿ. ಬಾಳಿಕೆ 10 ವರ್ಷ, ಗುಜರಿ ಮೌಲ್ಯ 10,000 ರೂಪಾಯಿ ಎಂದು ಇಟ್ಟುಕೊಳ್ಳೋಣ.

ಸರಳ ರೇಖಾ ಪದ್ಧತಿ: (2,00,000 − 10,000) ÷ 10 = ವರ್ಷಕ್ಕೆ 19,000 ರೂಪಾಯಿ. 10 ವರ್ಷದ ನಂತರ ಪುಸ್ತಕ ಮೌಲ್ಯ 10,000 ರೂಪಾಯಿ.

ಇಳಿಮುಖ ಶೇಷ ಪದ್ಧತಿ, ಶೇ. 20ರ ದರ: ಮೊದಲ ವರ್ಷ 40,000, ಎರಡನೇ ವರ್ಷ 32,000, ಮೂರನೇ ವರ್ಷ 25,600. ಹೀಗೆ ಇಳಿಯುತ್ತಾ 10 ವರ್ಷದ ನಂತರ ಸುಮಾರು 21,475 ರೂಪಾಯಿ ಉಳಿಯುತ್ತದೆ. ಈ ಪದ್ಧತಿಯಲ್ಲಿ ಮೌಲ್ಯ ಎಂದೂ ಪೂರ್ತಿ ಸೊನ್ನೆಯಾಗುವುದಿಲ್ಲ.

ನಮ್ಮ ಆಟೊಗೆ ಈಗ 10 ವರ್ಷ ದಾಟಿದೆ. ಸೂತ್ರದ ಪ್ರಕಾರ ಅದು ಗುಜರಿ. ಆದರೆ ಅದೇ ಗಾಡಿ ಇಂದಿಗೂ ಬೆಳಿಗ್ಗೆ ನಾಲ್ಕಕ್ಕೆ ಸ್ಟಾರ್ಟ್ ಆಗುತ್ತದೆ. ನನ್ನ ಕಾಲೇಜು ಫೀಸು ಬರುವುದು ಅದರಿಂದಲೇ.

ಹುಟ್ಟುಹಬ್ಬಕ್ಕೆ ವಿಮಾನ ನೋಡಲು

ನಮ್ಮ ಮನೆಯಲ್ಲಿ ಸಾಲಗಿರಾಗೆ ಕೇಕ್ ಕತ್ತರಿಸುವ ರೂಢಿ ಇಲ್ಲ. ಅಮ್ಮಿ ಶೀರ್ ಕುರ್ಮಾ ಮಾಡುತ್ತಾರೆ, ದಾದಿ ತಲೆಯ ಮೇಲೆ ಕೈಯಿಟ್ಟು ದುವಾ ಮಾಡುತ್ತಾರೆ, ಅಷ್ಟೇ. ಈ ವರ್ಷ ನನಗೆ ಹದಿನೇಳು ತುಂಬಿದಾಗ ಬೆಂಗಳೂರಿನಲ್ಲಿರುವ ಮಾಮು ಫೋನ್ ಮಾಡಿ, "ಒಂದು ದಿನ ಬಾ, ಏನು ನೋಡಬೇಕೋ ತೋರಿಸುತ್ತೇನೆ" ಎಂದರು. ನಾನು ಏರ್ ಶೋ ಎಂದೆ. 1996ರಲ್ಲಿ ಆರಂಭವಾದ ಏರೋ ಇಂಡಿಯಾ ಯಲಹಂಕದ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ನನ್ನ ಹುಟ್ಟುಹಬ್ಬಕ್ಕಾಗಿ ಅದು ಕಾಯುವುದಿಲ್ಲವಲ್ಲ! ಹಾಗಾಗಿ ಮಾಮು ಹಳೆಯ ವಿಮಾನಗಳನ್ನು ಇಟ್ಟಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು.

ಅಬ್ಬಾ, ನಾನು, ತಮ್ಮ ಮೂವರೂ ಕೊರಟಗೆರೆಗೆ ಹೋಗಿ ದಾಬಸ್‌ಪೇಟೆ ಮೇಲೆ ಹೋಗುವ ಬಸ್ಸು ಹಿಡಿದೆವು. ಆ ದಿನ ಆಟೊ ಹೇಗೂ ಗ್ಯಾರೇಜಿನಲ್ಲಿತ್ತು. ಮೆಕ್ಯಾನಿಕ್ ಎಂಜಿನ್ ಕೆಲಸಕ್ಕೆ 45,000 ರೂಪಾಯಿ ಹೇಳಿದ್ದರು. ದಾರಿಯುದ್ದಕ್ಕೂ ಅಬ್ಬಾ ಅದೇ ಯೋಚನೆಯಲ್ಲಿದ್ದರು.

2001ರಲ್ಲಿ ತೆರೆದ ಆ ವಸ್ತುಸಂಗ್ರಹಾಲಯದಲ್ಲಿ ಮರಗಳ ನಡುವೆ ವಿಮಾನಗಳು ನಿಂತಿವೆ. ಒಳಗೆ ಎಂಜಿನ್‌ಗಳನ್ನು ಇಟ್ಟಿದ್ದಾರೆ. ತಮ್ಮ ಮಾರುತ್ ಯುದ್ಧವಿಮಾನದ ಮುಂದಿನಿಂದ ಕದಲಲಿಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ವಿನ್ಯಾಸಗೊಂಡು 1961ರಲ್ಲಿ ಮೊದಲ ಬಾರಿ ಹಾರಿದ ವಿಮಾನ ಅದು. ಅದಕ್ಕೂ ಹತ್ತು ವರ್ಷ ಮೊದಲು, 1951ರಲ್ಲಿ, ಎಚ್‌ಟಿ-2 ಎಂಬ ತರಬೇತಿ ವಿಮಾನ ಹಾರಿತ್ತು. ಅಬ್ಬಾ ಮಾತ್ರ ಎಂಜಿನ್‌ಗಳ ಹತ್ತಿರ ನಿಂತು, "ಇದನ್ನು ಬಿಚ್ಚಿ ಜೋಡಿಸಿದವರು ಎಂಥವರಿರಬೇಕು" ಎಂದರು.

ಕಂಪನಿ ಹುಟ್ಟಿದ ಕಥೆ

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಈ ಕಂಪನಿಯ ಇತಿಹಾಸ ತಿಳಿಯಲೇಬೇಕು. 1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಖಾಸಗಿ ಕಂಪನಿ ಆರಂಭಿಸಿದರು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಕಾರ್ಖಾನೆ ಬೆಂಗಳೂರಿಗೆ ಬಂದದ್ದರ ಹಿಂದೆ ಅವರ ಬೆಂಬಲವಿತ್ತು. 1941ರಲ್ಲಿ ಭಾರತ ಸರ್ಕಾರ 25 ಲಕ್ಷ ರೂಪಾಯಿ ಹಾಕಿ ಮೂರನೇ ಒಂದು ಪಾಲು ಷೇರು ಪಡೆಯಿತು. 1942ರಲ್ಲಿ ವಾಲ್‌ಚಂದ್ ಅವರ ಪಾಲನ್ನೂ ಸರ್ಕಾರ ಕೊಂಡಿತು. ಮೈಸೂರು ತನ್ನ ಷೇರು ಮಾರಲಿಲ್ಲ, ಆದರೆ ಆಡಳಿತವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟಿತು. 1964ರಲ್ಲಿ ಇನ್ನೊಂದು ಸರ್ಕಾರಿ ಕಂಪನಿಯ ಜೊತೆ ವಿಲೀನವಾಗಿ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಆಯಿತು. 2018ರ ಮಾರ್ಚ್‌ನಲ್ಲಿ ಅದರ ಷೇರುಗಳು ಷೇರುಪೇಟೆಗೆ ಬಂದವು. ಖಾಸಗಿ ಕಂಪನಿ, ರಾಷ್ಟ್ರೀಕರಣ, ವಿಲೀನ, ಷೇರು ವಿಕ್ರಯ: ನಮ್ಮ ಪುಸ್ತಕದ ನಾಲ್ಕು ಪಾಠಗಳು ಈ ಒಂದೇ ಕಂಪನಿಯಲ್ಲಿವೆ.

ಗುಜರಿಯಿಂದ ಎದ್ದ ವಿಮಾನಗಳು

ಈಗ ಸವಕಳಿಗೆ ಬರೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದ ಮೈದಾನದಲ್ಲಿ ಲಿಬರೇಟರ್ ಎಂಬ ದೊಡ್ಡ ಬಾಂಬರ್ ವಿಮಾನಗಳನ್ನು ಬ್ರಿಟಿಷರು ಬಿಟ್ಟು ಹೋದರು. ಮತ್ತೆ ಹಾರಬಾರದೆಂದು ಅವುಗಳನ್ನು ಹಾಳು ಮಾಡಿಯೇ ಹೋಗಿದ್ದರು. ಅವರ ಲೆಕ್ಕದಲ್ಲಿ ಅವುಗಳ ಮೌಲ್ಯ ಸೊನ್ನೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹೊಸ ಬಾಂಬರ್ ಕೊಳ್ಳಲು ನಮ್ಮ ದೇಶದ ಹತ್ತಿರ ಹಣವಿರಲಿಲ್ಲ. ಎಚ್‌ಎಎಲ್‌ನ ಕೆಲಸಗಾರರು ಆ ಗುಜರಿಯಿಂದಲೇ ವಿಮಾನಗಳನ್ನು ಒಂದೊಂದಾಗಿ ಹಾರುವಂತೆ ಮಾಡಿ ಬೆಂಗಳೂರಿಗೆ ತಂದು ಪೂರ್ತಿ ದುರಸ್ತಿ ಮಾಡಿದರು. 1948ರ ಕೊನೆಯಲ್ಲಿ ಅವು ವಾಯುಪಡೆಗೆ ಸೇರಿದವು. 1968ರವರೆಗೆ, ಅಂದರೆ ಸೊನ್ನೆ ಬೆಲೆಯ ಮೇಲೆ ಇಪ್ಪತ್ತು ವರ್ಷ, ದುಡಿದವು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಅವುಗಳಲ್ಲಿ ಕೆಲವು ಬ್ರಿಟನ್, ಅಮೆರಿಕದ ವಸ್ತುಸಂಗ್ರಹಾಲಯಗಳಿಗೆ ಹೋದವು. ಒಂದು ವಿಮಾನವನ್ನು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ 1980ರ ದಶಕದಲ್ಲಿ ಕೊಂಡು ಮತ್ತೆ ಹಾರುವಂತೆ ಮಾಡಿತು. ಅದು ಹಲವು ವರ್ಷ ಅಲ್ಲಿನ ಹಳೆಯ ವಿಮಾನಗಳ ಪ್ರದರ್ಶನಗಳಲ್ಲಿ ಹಾರಿತು, ಜನ ಹಣ ಕೊಟ್ಟು ಅದನ್ನು ನೋಡಿದರು. ಕಾನ್ಪುರದ ಗುಜರಿಯಲ್ಲಿ ಬಿದ್ದಿದ್ದ ವಿಮಾನ ಅದು!

ಇನ್ನೊಂದು ಉದಾಹರಣೆ ಡಕೋಟಾ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ್ದು ಈ ಜಾತಿಯ ವಿಮಾನಗಳು. ಅಂಥ ಒಂದು ಹಳೆಯ ಡಕೋಟಾವನ್ನು ರಾಜೀವ್ ಚಂದ್ರಶೇಖರ್ ಅವರು ಗುಜರಿಯಿಂದ ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, 2018ರಲ್ಲಿ ವಾಯುಪಡೆಗೆ ಉಡುಗೊರೆಯಾಗಿ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಪೈಲಟ್ ಆಗಿದ್ದವರು. ‘ಪರಶುರಾಮ’ ಎಂದು ಹೆಸರಿಟ್ಟ ಆ ವಿಮಾನ ಬ್ರಿಟನ್ನಿನಿಂದ ಜಾಮ್‌ನಗರದವರೆಗೆ ತಾನೇ ಹಾರಿಕೊಂಡು ಬಂತು. 2019ರಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿಯೂ ಹಾರಿತು.

ನಮ್ಮ ಕಂಪನಿ ಕಾಯ್ದೆ 2013ರ ಎರಡನೇ ಅನುಸೂಚಿಯಲ್ಲಿ ವಿಮಾನದ ಬಾಳಿಕೆ 20 ವರ್ಷ ಎಂದಿದೆ. ಗುಜರಿ ಮೌಲ್ಯ ಸಾಮಾನ್ಯವಾಗಿ ಬೆಲೆಯ ಶೇ. 5ಕ್ಕಿಂತ ಹೆಚ್ಚಿರಬಾರದು. ಹಾಗಿದ್ದರೆ ಎಪ್ಪತ್ತು ವರ್ಷ ದಾಟಿದ ಡಕೋಟಾ ಹೇಗೆ ಹಾರುತ್ತದೆ? ಉತ್ತರ ಇಷ್ಟೇ: ಕಾಯ್ದೆಯ ಬಾಳಿಕೆ ಲೆಕ್ಕಕ್ಕೆ, ವಸ್ತುವಿನ ಬಾಳಿಕೆ ಆರೈಕೆಗೆ.

ಎರಡು ಬಗೆಯ ಖರ್ಚು

ಇಲ್ಲಿ ಬಂಡವಾಳ ವೆಚ್ಚ ಮತ್ತು ರಾಜಸ್ವ ವೆಚ್ಚದ ವ್ಯತ್ಯಾಸ ಬರುತ್ತದೆ. ಎಣ್ಣೆ ಬದಲಾವಣೆ, ಸಣ್ಣ ರಿಪೇರಿ ಇವೆಲ್ಲ ರಾಜಸ್ವ ವೆಚ್ಚ. ಅವು ಆಯಾ ವರ್ಷದ ಲಾಭ ನಷ್ಟ ಖಾತೆಗೆ ಹೋಗುತ್ತವೆ. ವಸ್ತುವಿನ ಬಾಳಿಕೆಯನ್ನು ಹೆಚ್ಚಿಸುವ ದೊಡ್ಡ ದುರಸ್ತಿ ಬಂಡವಾಳ ವೆಚ್ಚ. ಅದನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಿ, ಹೊಸ ಬಾಳಿಕೆಯ ವರ್ಷಗಳ ಮೇಲೆ ಹಂಚಬೇಕು. ಲಿಬರೇಟರ್‌ಗೆ ಆದದ್ದು ಬಂಡವಾಳ ವೆಚ್ಚ. ನಮ್ಮ ಆಟೊದ 45,000 ರೂಪಾಯಿಯ ಎಂಜಿನ್ ಕೆಲಸವೂ ಅದೇ.

ಮನೆಯ ಲೆಕ್ಕ

ಬೆಂಗಳೂರಿನಿಂದ ಬಂದ ರಾತ್ರಿ ನಾನು ನೋಟ್‌ಬುಕ್ ತೆಗೆದು ಅಬ್ಬಾ ಪಕ್ಕ ಕೂತೆ. ಹೊಸ ಆಟೊ 3,20,000 ರೂಪಾಯಿ. ಹಳೆಯದಕ್ಕೆ 28,000 ಕೊಡುತ್ತೇವೆ ಎಂದಿದ್ದರು. ಕೂಡಿಟ್ಟ 92,000 ಸೇರಿಸಿದರೂ 2,00,000 ಸಾಲ ಬೇಕು. ಶೇ. 12ರ ಬಡ್ಡಿ, ನಾಲ್ಕು ವರ್ಷ ಎಂದರೆ ತಿಂಗಳಿಗೆ ಸುಮಾರು 5,270 ರೂಪಾಯಿ ಕಂತು, ಒಟ್ಟು ಬಡ್ಡಿ ಸುಮಾರು 52,800. ಬಡ್ಡಿ ಸಾಲ ಬೇಡವೇ ಬೇಡ ಎಂದು ದಾದಿ ಮೊದಲೇ ಹೇಳಿದ್ದರು. ಆ ಕಂತು ಬಂದರೆ ಮುಂದಿನ ವರ್ಷ ತುಮಕೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಕಾಂ. ಓದುವ ನನ್ನ ಯೋಜನೆ ನಿಲ್ಲುತ್ತದೆ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಹೊಸ ಆಟೊ, ವರ್ಷಕ್ಕೆ:
ಸವಕಳಿ (3,20,000 − 16,000) ÷ 10 = 30,400
ಬಡ್ಡಿ, ಸರಾಸರಿ = 13,200
ಒಟ್ಟು = 43,600 ರೂಪಾಯಿ

ಹಳೆಯ ಆಟೊ, ದುರಸ್ತಿಯ ನಂತರ ಮೂರು ವರ್ಷ ಓಡಿದರೆ, ವರ್ಷಕ್ಕೆ:
ಎಂಜಿನ್ ಕೆಲಸ 45,000 ÷ 3 = 15,000
ಈಗ 28,000ಕ್ಕೆ ಹೋಗುವುದು ಆಮೇಲೆ 10,000ಕ್ಕೆ ಹೋದರೆ ಆಗುವ ನಷ್ಟ 18,000 ÷ 3 = 6,000
ಹೆಚ್ಚುವರಿ ಡೀಸೆಲ್, ಗ್ಯಾರೇಜಿನಲ್ಲಿ ಕಳೆಯುವ ದಿನಗಳು, ತಿಂಗಳಿಗೆ 1,200ರಂತೆ = 14,400
ಒಟ್ಟು = 35,400 ರೂಪಾಯಿ

ಹಳೆಯದೇ ಲಾಭ ಎಂದು ಇಲ್ಲಿಗೆ ನಿಲ್ಲಿಸಬಾರದು. ಎಂಜಿನ್ ಎರಡೇ ವರ್ಷ ಬಂದರೆ ಲೆಕ್ಕ 22,500 + 9,000 + 14,400 = 45,900 ಆಗುತ್ತದೆ. ಆಗ ಹೊಸದೇ ಅಗ್ಗ. ಒಂದೇ ವರ್ಷ ಬಂದರೆ 77,400! ಅಂದರೆ ಇಡೀ ತೀರ್ಮಾನ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ದುರಸ್ತಿಯ ನಂತರ ಎಷ್ಟು ವರ್ಷ?

ಅದಕ್ಕೆ ಉತ್ತರ ಲೆಕ್ಕದ ಪುಸ್ತಕದಲ್ಲಿಲ್ಲ, ಮೆಕ್ಯಾನಿಕ್ ಹತ್ತಿರ ಇದೆ. ಮಾರನೇ ದಿನ ಅಬ್ಬಾ ಎಂಜಿನ್ ಪೂರ್ತಿ ಬಿಚ್ಚಿಸಿ, ನಿಂತು ನೋಡಿದರು. ಕ್ರ್ಯಾಂಕ್ ಚೆನ್ನಾಗಿದೆ, ಚಾಸಿಗೆ ತುಕ್ಕು ಹಿಡಿದಿಲ್ಲ, ಪಿಸ್ಟನ್ ಬದಲಿಸಿ ಬೋರ್ ಮಾಡಿಸಿದರೆ ನಾಲ್ಕು ವರ್ಷಕ್ಕೆ ಮೋಸವಿಲ್ಲ ಎಂದು ಮೆಕ್ಯಾನಿಕ್ ಹೇಳಿದರು. ಅಬ್ಬಾ ದುರಸ್ತಿಗೆ ಒಪ್ಪಿದರು.

ಕೊನೆಯದಾಗಿ ಒಂದು ಮಾತು

ಸವಕಳಿ ಬರೆದ ಮಾತ್ರಕ್ಕೆ ಹಣ ಕೂಡುವುದಿಲ್ಲ. ಸವಕಳಿ ನಗದಲ್ಲದ ವೆಚ್ಚ. ಹತ್ತು ವರ್ಷದಲ್ಲಿ ನಮ್ಮ ಆಟೊ 1,90,000 ರೂಪಾಯಿ ಸವೆಯಿತು, ಕೂಡಿದ್ದು 92,000 ಮಾತ್ರ. ಉಳಿದದ್ದು ಅಕ್ಕಿಗೆ, ಔಷಧಿಗೆ, ನಮ್ಮ ಫೀಸಿಗೆ ಹೋಯಿತು. ಕಂಪನಿಗಳು ಸವಕಳಿ ನಿಧಿಯನ್ನು ಬೇರೆಯಾಗಿ ಇಡುವುದು ಇದಕ್ಕೇ. ಈಗ ಅಬ್ಬಾ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ತಿಂಗಳಿಗೆ 2,000 ಹಾಕುತ್ತಿದ್ದಾರೆ. ನಾಲ್ಕು ವರ್ಷಕ್ಕೆ 96,000 ಆಗುತ್ತದೆ. ದುರಸ್ತಿಯ ನಂತರ ಕೈಯಲ್ಲಿ ಉಳಿದ 47,000 ಸೇರಿದರೆ 1,43,000. ಮುಂದಿನ ಗಾಡಿಗೆ ಸಾಲ ಪೂರ್ತಿ ತಪ್ಪದಿದ್ದರೂ ಕಡಿಮೆಯಾಗುತ್ತದೆ. ಪಾಸ್‌ಬುಕ್ ಬರೆಸಿ ಇಡುವ ಕೆಲಸ ನನ್ನದು.

ಅಭ್ಯಾಸಕ್ಕೆ

1. ನಿಮ್ಮ ಮನೆಯಲ್ಲಿ ದುಡಿಯುವ ಒಂದು ವಸ್ತುವನ್ನು ಆರಿಸಿಕೊಳ್ಳಿ: ಹೊಲಿಗೆ ಯಂತ್ರ, ಪಂಪ್‌ಸೆಟ್, ಸ್ಕೂಟರ್ ಯಾವುದಾದರೂ ಸರಿ. ಕೊಂಡ ಬೆಲೆ, ವರ್ಷ ಕೇಳಿ ಎರಡೂ ಪದ್ಧತಿಯಲ್ಲಿ ಸವಕಳಿ ಹಾಕಿ.
2. ಇಂದು ಮಾರಿದರೆ ಎಷ್ಟು ಬರುತ್ತದೆ ಎಂದು ವಿಚಾರಿಸಿ. ಪುಸ್ತಕ ಮೌಲ್ಯಕ್ಕಿಂತ ಹೆಚ್ಚೋ ಕಡಿಮೆಯೋ?
3. ನಮ್ಮ ಹಳೆಯ ಆಟೊ ನಾಲ್ಕು ವರ್ಷ ಓಡಿ ಕೊನೆಗೆ 10,000ಕ್ಕೆ ಮಾರಾಟವಾದರೆ ವರ್ಷದ ವೆಚ್ಚ ಎಷ್ಟು? (ಉತ್ತರ: 30,150 ರೂಪಾಯಿ. ಹೇಗೆ ಬಂತು ಎಂದು ನೀವೇ ಬಿಡಿಸಿ.)