ಕಿರುಚಿತ್ರದ ಸಂಕಲನಕ್ಕೆ ಯಾವ ಸಾಫ್ಟ್‌ವೇರ್?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ತುಳುವಿನಲ್ಲಿಯೋ ಅರೆಭಾಷೆಯಲ್ಲಿಯೋ ಕನ್ನಡದಲ್ಲಿಯೋ ಸ್ವಂತ ಖರ್ಚಿನಿಂದ ಕಿರುಚಿತ್ರ ನಿರ್ಮಿಸುವ ತರುಣರು, ಚಿತ್ರೀಕರಣವೆಲ್ಲ ಮುಗಿದ ಮೇಲೆ, ದೊಡ್ಡ ಚಿತ್ರಗಳ ಸಂಕಲನಕಾರರು ಯಾವುದನ್ನು ಬಳಸುತ್ತಾರೆಂದು ವಿಚಾರಿಸಿ, ಅದನ್ನೇ ಹೇಗಾದರೂ ಸಂಪಾದಿಸಿ, ಲ್ಯಾಪ್‌ಟಾಪು ಅದರ ಭಾರವನ್ನು ತಾಳಲಾರದೆ ನಿಂತಾಗ ಕೆಲಸವನ್ನೇ ಅರ್ಧಕ್ಕೆ ಕೈಬಿಡುವುದನ್ನು ಕಂಡು ವ್ಯಸನವಾಗುತ್ತದೆ. ಪುತ್ತೂರಿನ ಬಾಲವನದಿಂದ ನಾಡಿಗೆಲ್ಲ ಪರಿಚಿತರಾದ ಶಿವರಾಮ ಕಾರಂತರು ‘ಡೊಮಿಂಗೊ’ ಎಂಬ ಮೂಕಚಿತ್ರ ತೆಗೆದ 1930ರ ಕಾಲದಲ್ಲಿ ಸಂಕಲನವೆಂದರೆ ಫಿಲ್ಮನ್ನು ಕತ್ತರಿಸಿ ಅಂಟಿಸುವ ಕೈಕೆಲಸ. ಇಂದು ಆ ಶ್ರಮವಿಲ್ಲ, ಆದರೆ ಉಪಕರಣದ ಆಯ್ಕೆಯಲ್ಲಿ ವಿವೇಕ ಬೇಕಾಗಿದೆ.

ಮೊದಲು ನೋಡತಕ್ಕದ್ದು ನಿಮ್ಮ ಕಂಪ್ಯೂಟರನ್ನು. 16 ಜಿಬಿ ರ್‍ಯಾಮ್ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯನ್ನು ನಿಸ್ಸಂಕೋಚವಾಗಿ ಆರಿಸಿಕೊಳ್ಳಬಹುದು. ವರ್ಣಸಂಸ್ಕಾರಕ್ಕೆ ಅದಕ್ಕೆ ಸಮನಾದ ಉಚಿತ ಸಾಧನವನ್ನು ನಾನು ಕಂಡಿಲ್ಲ, ಮತ್ತು 3840×2160ರ ಚಿತ್ರವನ್ನೂ ಅದು ಹೊರತೆಗೆಯುತ್ತದೆ. ಆದರೆ ಲಿನಕ್ಸ್ ಬಳಸುವವರು ಒಂದು ಸಂಗತಿ ತಿಳಿದಿರಬೇಕು: ಅಲ್ಲಿ ಈ ಉಚಿತ ಆವೃತ್ತಿಯು ಮೊಬೈಲಿನ ಸಾಮಾನ್ಯ ಎಂಪಿ4 ಕಡತಗಳನ್ನು ನೇರವಾಗಿ ಸ್ವೀಕರಿಸುವುದಿಲ್ಲ. ಅವರಿಗೂ ಹಳೆಯ ಲ್ಯಾಪ್‌ಟಾಪಿನವರಿಗೂ ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ಉತ್ತಮ. ಗಡಿಯಾಚೆಗಿನ ಕೇರಳದ ಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಕೂಟದ ಮಕ್ಕಳು ಕೆಡೆನ್‌ಲೈವ್‌ನಲ್ಲಿಯೇ ಸಂಕಲನ ಕಲಿಯುತ್ತಿರುವಾಗ, ಅದನ್ನು ಕೀಳೆಂದು ಭಾವಿಸಲು ಕಾರಣವಿಲ್ಲ. ಫೈನಲ್ ಕಟ್ ಪ್ರೊ ಆ್ಯಪಲ್ ಸಾಧನಗಳಿಗೆ ಮಾತ್ರ. ಪ್ರೀಮಿಯರ್ ಪ್ರೊ ಬಳಸುವಷ್ಟು ಕಾಲವೂ ಚಂದಾ ಕೇಳುತ್ತದೆ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟಿ ಬರುವ ‘ಕ್ರ್ಯಾಕ್’ ಪ್ರತಿಗಳನ್ನು ಸರ್ವಥಾ ಮುಟ್ಟಬೇಡಿ. ಅವುಗಳೊಡನೆ ಬಂದ ವೈರಸ್ಸು ತಿಂಗಳುಗಳ ಚಿತ್ರೀಕರಣವನ್ನು ನುಂಗಿದರೆ ಕೇಳುವವರಿಲ್ಲ.

ಎರಡನೆಯದಾಗಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡ ಅಕ್ಷರಗಳನ್ನು ಪರೀಕ್ಷಿಸಿರಿ. ತುಳು ಚಿತ್ರಕ್ಕಾಗಲಿ ಅರೆಭಾಷೆಯ ಚಿತ್ರಕ್ಕಾಗಲಿ ಶೀರ್ಷಿಕೆ ಬರುವುದು ಕನ್ನಡ ಲಿಪಿಯಲ್ಲಿಯೇ. ಹೀಗಿದ್ದೂ ಈ ಪರೀಕ್ಷೆಯನ್ನು ಯಾರೂ ಮೊದಲು ಮಾಡುವುದಿಲ್ಲ, ಪ್ರದರ್ಶನದ ಹಿಂದಿನ ರಾತ್ರಿ ಒತ್ತಕ್ಷರಗಳು ಒಡೆದು ನಿಂತಾಗ ಗಾಬರಿಯಾಗುತ್ತಾರೆ. ಸಾಫ್ಟ್‌ವೇರ್ ಹಾಕಿಕೊಂಡ ದಿನವೇ ಅದರ ಟೈಟಲ್ ಕಿಟಕಿಯಲ್ಲಿ ‘ಪುತ್ತೂರು’, ‘ಸುಳ್ಯ’, ‘ಸುಬ್ರಹ್ಮಣ್ಯ’, ‘ಸೂರ್ಯ’ ಎಂದು ಟೈಪು ಮಾಡಿರಿ. ಮೂರನೆಯದು ‘ಸುಬ್‌ರಹ್‌ಮಣ್‌ಯ’ ಎಂದು ಮೂಡಿತೆಂದರೆ, ಅಥವಾ ‘ಸೂರ್ಯ’ದ ಅರ್ಕಾವೊತ್ತು ತನ್ನ ಸ್ಥಾನ ತಪ್ಪಿತೆಂದರೆ, ಆ ಕಿಟಕಿ ಕನ್ನಡಕ್ಕೆ ನಿರುಪಯುಕ್ತ. ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಆದ್ಯತೆಗಳೊಳಗೆ ‘ಸೌತ್ ಏಷಿಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ ಎಂಬ ಆಯ್ಕೆ ಮಾಡಿದರೆ ಇದು ಸರಿಹೋಗುತ್ತದೆ. ಬೇರೆ ಕಡೆ ಸರಿಯಾಗದಿದ್ದರೆ, ಇಂಕ್‌ಸ್ಕೇಪ್ ಎಂಬ ಉಚಿತ ಸಾಧನದಲ್ಲಿ 1920×1080ರ ಪುಟದ ಮೇಲೆ ಶೀರ್ಷಿಕೆಯನ್ನು ಬರೆದು, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ಉಳಿಸಿ, ದೃಶ್ಯದ ಮೇಲಿನ ಪದರದಲ್ಲಿ ಇಟ್ಟರಾಯಿತು. ಚಿತ್ರವಾಗಿ ಬಂದ ಅಕ್ಷರವನ್ನು ಯಾವ ಸಾಫ್ಟ್‌ವೇರೂ ಒಡೆಯಲಾರದು. ಸಂಭಾಷಣೆಯನ್ನು ಹಳೆಯ ‘ನುಡಿ’ ಫಾಂಟಿನ ಅಕ್ಷರಗಳಲ್ಲಿ ಟೈಪು ಮಾಡಿಸಿದ್ದರೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಬರುವುವು. ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಂಡು, ಪರಿವರ್ತನೆಯಲ್ಲಿ ಕೆಟ್ಟ ಒತ್ತುಗಳನ್ನು ಕಣ್ಣಿಟ್ಟು ತಿದ್ದಿರಿ. ಊರಿನ ಹೆಸರನ್ನೇ ಒಡೆದು ತೋರಿಸುವ ಚಿತ್ರವನ್ನು ಊರಿನವರ ಮುಂದೆ ಇಡುವುದು ಭಾಷೆಗೆ ಮಾಡುವ ಅಗೌರವವೆಂದೇ ನಾನು ತಿಳಿಯುತ್ತೇನೆ.

ಮೂರನೆಯದಾಗಿ, ಇಡೀ ಚಿತ್ರವನ್ನು ಒಮ್ಮೆಗೇ ತುಂಬಿಸದೆ, ಎರಡು ನಿಮಿಷದ ಒಂದು ದೃಶ್ಯವನ್ನು ಜೋಡಿಸಿ, ಧ್ವನಿ ಸೇರಿಸಿ, ಶೀರ್ಷಿಕೆ ಹಾಕಿ, ಕಡತವಾಗಿ ಹೊರತೆಗೆದು ನೋಡಿರಿ. ತಡೆದು ತಡೆದು ಓಡಿದರೆ ಸಾಫ್ಟ್‌ವೇರನ್ನು ದೂಷಿಸುವ ಮುನ್ನ ಪ್ರಾಕ್ಸಿ, ಎಂದರೆ ಹಗುರವಾದ ನಕಲು ಕಡತಗಳನ್ನು, ಮಾಡಿಕೊಳ್ಳಿರಿ. ರಿಸಾಲ್ವ್, ಕೆಡೆನ್‌ಲೈವ್ ಎರಡರಲ್ಲಿಯೂ ಆ ಸೌಕರ್ಯವಿದೆ. ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುತ್ತ ಹೋದರೆ ದೋಷ ಬಹುಮಟ್ಟಿಗೆ ಮೊಬೈಲಿನ ಅಸ್ಥಿರ ಫ್ರೇಮ್ ವೇಗದ್ದು. ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತಕ ಸಾಫ್ಟ್‌ವೇರಿನಲ್ಲಿ ಸ್ಥಿರ ವೇಗಕ್ಕೆ ಬದಲಿಸಿದ ಮೇಲೆಯೇ ಸಂಕಲನಕ್ಕೆ ಕುಳಿತುಕೊಳ್ಳಿರಿ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಳದೆ ಹೋಗುವುದರಿಂದ ಆಟೋ ಸೇವ್ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿರಿ, ಗುಡುಗು ಕೇಳಿದೊಡನೆ ಪ್ಲಗ್ ಕಳಚಿರಿ. ಅಂತರ್ಜಾಲ ಸರಿಯಾಗಿ ಸಿಗದ ಘಟ್ಟದ ಬುಡದ ಊರಿನವರು ಆಗಾಗ ಪರವಾನಗಿ ಪರಿಶೀಲನೆ ಬೇಡುವ ಚಂದಾ ಸಾಫ್ಟ್‌ವೇರಿನ ಗೊಡವೆಗೆ ಹೋಗದಿರುವುದು ಲೇಸು. ಉಪಶೀರ್ಷಿಕೆಗಳನ್ನು ಯುಟಿಎಫ್-8ರಲ್ಲಿ ಎಸ್‌ಆರ್‌ಟಿ ಕಡತವಾಗಿಯೂ ಉಳಿಸಿರಿ. ಮೂಲ ದೃಶ್ಯಗಳು ಎರಡು ಹಾರ್ಡ್‌ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇರಲಿ. ಸಿದ್ಧವಾದ ಚಿತ್ರವನ್ನು ಪ್ರದರ್ಶನದ ಹಿಂದಿನ ದಿನವೇ ಸಭಾಂಗಣದ ಪ್ರೊಜೆಕ್ಟರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡತಕ್ಕದ್ದು.