ತರಗತಿಯ ಕ್ರಮಾಂಕವೂ ಕಾಲೇಜಿನ ಪ್ರವೇಶವೂ

ತರಗತಿಗೆ ಮೂರನೆಯವನೆಂದು ಒಬ್ಬ ವಿದ್ಯಾರ್ಥಿ ಹೇಳಿದರೆ ನಾವು ಮೆಚ್ಚಿ ತಲೆದೂಗುವೆವು. ಎಷ್ಟು ಮಂದಿಯಲ್ಲಿ ಎಂದು ಕೇಳುವುದಿಲ್ಲ. ಅಮೆರಿಕೆಯ ಕಾಲೇಜುಗಳಾದರೋ ಅದನ್ನೂ ಕೇಳುವುವು. ಅಲ್ಲಿ ಪ್ರವೇಶದ ಅರ್ಜಿಯೊಡನೆ ಶಾಲೆಯವರು ಕಳುಹುವ ವರದಿಯಲ್ಲಿ ವಿದ್ಯಾರ್ಥಿಯ ಕ್ರಮಾಂಕಕ್ಕೂ ತರಗತಿಯ ಒಟ್ಟು ಸಂಖ್ಯೆಗೂ ಸ್ಥಳವುಂಟು.

312 ಮಂದಿಯಲ್ಲಿ 24ನೆಯವಳಾದ ಬಾಲಕಿಯನ್ನೂ 20 ಮಂದಿಯಲ್ಲಿ 3ನೆಯವನಾದ ಬಾಲಕನನ್ನೂ ಊಹಿಸಿಕೊಳ್ಳೋಣ. ಶೇಕಡಾ ಲೆಕ್ಕ ಹಾಕಿದರೆ ಆಕೆಯ ಸ್ಥಾನ ಸುಮಾರು 7.7, ಆತನದು 15. ಮೇಲಿನ ಹತ್ತನೆಯ ಒಂದು ಪಾಲಿನೊಳಗೆ ಆಕೆ ಇದ್ದಾಳೆ, ಮೂರನೆಯವನು ಹೊರಗಿದ್ದಾನೆ!

ಇದು ಬರಿಯ ಲೆಕ್ಕದ ವಿನೋದವಲ್ಲ. ಪ್ರವೇಶದಲ್ಲಿ ಜನಾಂಗವನ್ನು ಗಣಿಸಕೂಡದೆಂದು 1996ರಲ್ಲಿ ಅಲ್ಲಿಯ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು ತೀರ್ಪಿತ್ತಿತು. ಮರುವರ್ಷವೇ, ಎಂದರೆ 1997ರಲ್ಲಿ, ಟೆಕ್ಸಾಸ್ ಸಂಸ್ಥಾನವು ಹೊಸ ಶಾಸನ ಮಾಡಿತು: ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಮೇಲಿನ ಶೇಕಡಾ 10ರೊಳಗೆ ಬಂದವರಿಗೆ ಸಂಸ್ಥಾನದ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶ ನಿಶ್ಚಿತ. ಹಳ್ಳಿಯ ಶಾಲೆಗೂ ಬಡವರ ಕೇರಿಯ ಶಾಲೆಗೂ ತಮ್ಮದೇ ಆದ ಮೇಲಿನ ಪಾಲು ಇದ್ದೇ ಇರುವುದರಿಂದ ಅವುಗಳಿಗೂ ಬಾಗಿಲು ತೆರೆಯಿತು. ಪ್ರಬಲ ಶಾಲೆಗಳಲ್ಲಿ 12ನೆಯ ಶೇಕಡಾದಲ್ಲಿ ನಿಂತ ಜಾಣರು ಇದನ್ನು ಅನ್ಯಾಯವೆಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಶಾಸನದ ಉದ್ದೇಶವೇ ನಮಗೆ ಹೆಚ್ಚು ಒಪ್ಪಿಗೆ. ಆಸ್ಟಿನ್ನಿನ ವಿಶ್ವವಿದ್ಯಾನಿಲಯದಲ್ಲಿ ನೂಕುನುಗ್ಗಲು ಹೆಚ್ಚಲು, ಅಲ್ಲಿ ಇಂತಹ ಪ್ರವೇಶಕ್ಕೆ ಮಿತಿ ಹಾಕಲು 2009ರಲ್ಲಿ ತಿದ್ದುಪಡಿ ಬಂದಿತು. 2026ರ ಪ್ರವೇಶಕ್ಕೆ ಆ ಮಿತಿ ಶೇಕಡಾ 5ಕ್ಕೆ ಇಳಿದಿದೆ. ನಮ್ಮ ಬಾಲಕಿಯ 7.7 ಅಲ್ಲಿ ಈಗ ಸಾಲದು.

ಕ್ರಮಾಂಕವನ್ನು ಹೇಗೆ ಕಟ್ಟುವರೆಂಬುದು ಇನ್ನೂ ಸ್ವಾರಸ್ಯವಾದುದು. ಅಲ್ಲಿಯ ಹಲವು ಶಾಲೆಗಳಲ್ಲಿ ಸಾಮಾನ್ಯ ವಿಷಯದ ಉತ್ತಮ ದರ್ಜೆಗೆ 4 ಅಂಕ, ಕಠಿಣವಾದ ಉನ್ನತ ಪಾಠದ ಉತ್ತಮ ದರ್ಜೆಗೆ 5. ಐದು ಉನ್ನತ ಪಾಠಗಳಲ್ಲಿ ಉತ್ತಮ ದರ್ಜೆ ಪಡೆದವಳ ಸರಾಸರಿ 5. ಆಕೆಯೇ ಸಂಗೀತವನ್ನೂ ಕಲಿತು ಅದರಲ್ಲಿಯೂ ಉತ್ತಮ ದರ್ಜೆ ಪಡೆದರೆ, 29ನ್ನು 6ರಿಂದ ಭಾಗಿಸಬೇಕಾಗಿ, ಸರಾಸರಿ 4.83ಕ್ಕೆ ಇಳಿಯುತ್ತದೆ. ಎಲ್ಲದರಲ್ಲಿಯೂ ಗೆದ್ದವಳು ಹಾಡು ಕಲಿತ ತಪ್ಪಿಗೆ ಹಿಂದೆ ಬೀಳುವಳು! ಹೀಗಾಗಿ ಮಕ್ಕಳು ಇಷ್ಟದ ವಿಷಯವನ್ನು ಬಿಟ್ಟು ಅಂಕದ ವಿಷಯವನ್ನು ಹಿಡಿಯುವುದುಂಟು. ಇಂತಹ ಕಾರಣಗಳಿಂದ ಅಲ್ಲಿಯ ಅನೇಕ ಶಾಲೆಗಳು ಕ್ರಮಾಂಕ ತಿಳಿಸುವುದನ್ನೇ ನಿಲ್ಲಿಸಿವೆ. ಆಗ ಕಾಲೇಜುಗಳು ಅಂಕಪಟ್ಟಿಯನ್ನೂ ಕಲಿತ ಪಾಠಗಳ ಕಾಠಿಣ್ಯವನ್ನೂ ನೋಡುವುವು.

ನಮ್ಮಲ್ಲಿ ಯಾರಾದರೂ ಮುಂದೆ ಅಲ್ಲಿಗೆ ಅರ್ಜಿ ಸಲ್ಲಿಸುವುದಾದರೆ ಕ್ರಮಾಂಕವನ್ನು ತಾವೇ ಊಹಿಸಿ ಬರೆಯಲಾಗದು. ಅದು ಶಾಲೆಯ ದಾಖಲೆಯಿಂದಲೇ ಬರಬೇಕು, ಒಟ್ಟು ಸಂಖ್ಯೆಯೊಡನೆ ಬರಬೇಕು. ಶಾಲೆ ಕ್ರಮಾಂಕ ಕೊಡದಿದ್ದಲ್ಲಿ ಕೊಡುವುದಿಲ್ಲವೆಂದೇ ಮುಖ್ಯೋಪಾಧ್ಯಾಯರು ತಿಳಿಸಬಹುದು; ಅದಕ್ಕೂ ವರದಿಯಲ್ಲಿ ಅವಕಾಶವಿದೆ.