ಮನೆಯ ಮರಮುಟ್ಟುಗಳಿಂದ ಒಸರುವ ಅಂಟು: ಅದರ ಕಾರಣವೂ ಪರಿಹಾರವೂ

ಮನೆಯ ತೊಲೆ, ಜಂತೆ, ಬಾಗಿಲವಾಡಗಳಿಂದ ಅಂಟು ಒಸರಿ ಸುಣ್ಣದ ಗೋಡೆಯ ಮೇಲೆ ಕಲೆಯಾಗುವುದುಂಟು. ಅನೇಕರು ಆ ಕಲೆಯ ಮೇಲೆ ಮತ್ತೊಮ್ಮೆ ಸುಣ್ಣ ಬಳಿದು ಸುಮ್ಮನಾಗುವರು. ಇದರಿಂದ ಕಲೆಯು ಮರೆಯಾಗುವುದೇ ಹೊರತು ಅದರ ಕಾರಣವು ಹೋಗುವುದಿಲ್ಲ. ಕಾರಣವನ್ನು ಅರಿಯದೆ ಬಿಟ್ಟಲ್ಲಿ ತೊಲೆಯು ಒಳಗೊಳಗೇ ಕೊಳೆತು, ಮಾಳಿಗೆಗೂ ಅದರ ಕೆಳಗೆ ಮಲಗುವವರಿಗೂ ಅಪಾಯವುಂಟಾಗಬಹುದು.

ಒಸರುವ ವಸ್ತುಗಳ ಭೇದ

ಮರದಿಂದ ಒಸರುವ ವಸ್ತುಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ನೀರಿನಲ್ಲಿ ಕರಗುವ ಅಂಟು ಮತ್ತು ಬಣ್ಣ. ಹೊನ್ನೆಯು ಇದಕ್ಕೆ ಉದಾಹರಣೆ. ಎರಡನೆಯದು ನೀರಿನಲ್ಲಿ ಕರಗದ ರಾಳ; ಇದು ದೇವದಾರು, ಪೈನ್ ಮೊದಲಾದ ಮರಗಳಲ್ಲಿರುತ್ತದೆ. ಒದ್ದೆಬಟ್ಟೆಯಿಂದ ಕಲೆಯನ್ನು ಉಜ್ಜಿದಾಗ ಬಣ್ಣವು ಬಟ್ಟೆಗೆ ಹತ್ತಿದರೆ ಅದು ಮೊದಲನೆಯ ಬಗೆ. ನೀರಿಗೆ ಜಗ್ಗದೆ ಟರ್ಪೆಂಟೈನ್ ಎಣ್ಣೆಗೆ ಕರಗಿದರೆ ಅದು ರಾಳ.

ಹೊನ್ನೆಯ ಕಲೆ

ಹೊನ್ನೆಯ ಚೇಗು ಬಲವಾದುದು, ಬಹುಕಾಲ ಬಾಳುವುದು; ಆದರೆ ತೇವವಾದಾಗ ಹಳದಿಯ ಬಣ್ಣವನ್ನು ಬಿಡುತ್ತದೆ. ಆದುದರಿಂದ ಹಳೆಯ ಹೊನ್ನೆಯ ತೊಲೆಯ ಕೆಳಗೆ ಮಳೆಗಾಲದಲ್ಲಿ ಹೊಸ ಕಲೆಯು ಕಂಡರೆ, ತಪ್ಪು ಮರದ್ದಲ್ಲ. ಮೇಲಿನಿಂದ ನೀರು ಇಳಿಯುತ್ತಿದೆಯೆಂದು ತಿಳಿಯತಕ್ಕದ್ದು. ಮೊದಲು ಒಡೆದ ಹೆಂಚನ್ನು ಬದಲಾಯಿಸಿ ಸೋರುವಿಕೆಯನ್ನು ನಿಲ್ಲಿಸಬೇಕು. ಬಳಿಕ ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಸ್ಥಳವನ್ನು ಉಳಿಯ ಮೊನೆಯಿಂದ ಚುಚ್ಚಿ ನೋಡಬೇಕು. ಮೊನೆಯು ಸುಲಭವಾಗಿ ಇಳಿದರೆ ಅಲ್ಲಿ ಮರವು ಕೊಳೆತಿದೆ. ಕೂಡಲೆ ಊರುಗಂಬ ಕೊಟ್ಟು ಬಡಗಿಯನ್ನು ಕರೆಯಿಸತಕ್ಕದ್ದು. ಮರದ ತೇವವು ನೂರಕ್ಕೆ 20ಕ್ಕಿಂತ ಕಡಮೆಯಿದ್ದಲ್ಲಿ ಕೊಳೆಯಿಸುವ ಬೂಷ್ಟು ಬೆಳೆಯಲಾರದು. ಗೋಡೆಯು ಪೂರ್ಣವಾಗಿ ಒಣಗಿದ ಮೇಲೆಯೇ ಸುಣ್ಣ ಬಳಿಯಬೇಕು.

ರಾಳದ ಒಸರು

ರಾಳವು ಸೆಕೆಯಲ್ಲಿ ಮೆತ್ತಗಾಗಿ, ಗಂಟುಗಳ ಬಳಿಯಲ್ಲಿ ಒಸರುತ್ತದೆ. ಇದಕ್ಕೆ ಕ್ರಮವು ಹೀಗೆ:

1. ಒಸರಿದ ರಾಳವು ಗಟ್ಟಿಯಾದ ಮೇಲೆ ಮೊಂಡು ಉಳಿಯಿಂದ ಹೆರೆದು ತೆಗೆಯುವುದು.

2. ಉಳಿದುದನ್ನು ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರಸುವುದು. ಇದು ಬೇಗನೆ ಹತ್ತಿಕೊಳ್ಳುವ ವಸ್ತುವಾದುದರಿಂದ ಒಲೆ, ದೀಪ, ಬೀಡಿಗಳು ಹತ್ತಿರವಿರಕೂಡದು.

3. ರಾಳ ತುಂಬಿದ ಪೊಟರೆಯಿದ್ದರೆ ಅದನ್ನು ಕೆತ್ತಿ ತೆಗೆದು, ಒಣಗಿದ ಮರದ ತುಂಡಿನಿಂದ ಮುಚ್ಚುವುದು.

4. ಮರವು ಒಣಗಿದ ಮೇಲೆ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಗಂಟುಗಳ ಮೇಲೆ ಎರಡಾವರ್ತಿ ತೆಳ್ಳಗೆ ಬಳಿದು, ಅನಂತರ ಬಣ್ಣ ಹಚ್ಚುವುದು.

ಹಸಿಮರದ ಮೇಲೆ ಅರಗನ್ನಾಗಲಿ ಬಣ್ಣವನ್ನಾಗಲಿ ಹಚ್ಚಿದರೆ ತೇವವು ಒಳಗೇ ಸೆರೆಯಾಗಿ ಬಣ್ಣವು ಗುಳ್ಳೆಯೇಳುತ್ತದೆ. ಬಿಸಿಲು ಬೀಳುವ ಹಲಗೆಗಳಲ್ಲಿ ಒಸರು ಮರುಕಳಿಸಬಹುದು. ಆಗ ಇದೇ ಕ್ರಮವನ್ನು ಮತ್ತೆ ಅನುಸರಿಸತಕ್ಕದ್ದು.

ಮುಂಜಾಗ್ರತೆ

ಮೇಲೆ ಹೇಳಿದ ತೊಂದರೆಗಳಲ್ಲಿ ಹಲವು ಹಸಿಮರವನ್ನು ಅವಸರದಿಂದ ಉಪಯೋಗಿಸುವುದರಿಂದ ಬರುತ್ತವೆ. ಕೊಯ್ದ ಹಲಗೆಗಳನ್ನು ನೆಲದಿಂದ ಎತ್ತರದಲ್ಲಿ, ನೆರಳಿನಲ್ಲಿ, ಒಂದರ ಮೇಲೊಂದರಂತೆ ನಡುನಡುವೆ ಅಂಗುಲ ದಪ್ಪದ ರೀಪುಗಳನ್ನಿಟ್ಟು ಪೇರಿಸಿ ಗಾಳಿಯಾಡಲು ಬಿಡಬೇಕು. ತುದಿಗಳು ಸೀಳದಂತೆ ಡಾಂಬರನ್ನಾಗಲಿ ಸಗಣಿಮಣ್ಣನ್ನಾಗಲಿ ಬಳಿಯಬೇಕು. ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷವೆಂಬುದು ಸ್ಥೂಲವಾದ ಲೆಕ್ಕ. ಬಿಸಿಗೂಡಿನಲ್ಲಿ ಒಣಗಿಸುವುದಾದರೆ ಕೆಲಸವು ಬೇಗನೆ ಆಗುತ್ತದೆ. ಪೈನ್ ಜಾತಿಯ ಮರಗಳಿಗೆ ಅಲ್ಲಿ ಸುಮಾರು 160 ಡಿಗ್ರಿ ಫ್ಯಾರನ್‌ಹೀಟ್ ಶಾಖ ಕೊಟ್ಟರೆ ರಾಳವು ಗಟ್ಟಿಯಾಗಿ, ಮುಂದೆ ಅಷ್ಟಾಗಿ ಒಸರುವುದಿಲ್ಲ. ಚೇಗಿನ ಸುತ್ತಲಿನ ಬಿಳಿಯ ಭಾಗದಲ್ಲಿ ಹಿಟ್ಟಿನಂಶವಿದ್ದು ಹುಳುವು ಬೇಗನೆ ಹಿಡಿಯುವುದರಿಂದ, ತೊಲೆ ಕಂಬಗಳಿಗೆ ಅದನ್ನು ಕೆತ್ತಿ ತೆಗೆಯುವುದು ಲೇಸು.

ಮನೆಯನ್ನು ಕಟ್ಟಬೇಕೆಂದಿರುವವರು ಮರವನ್ನು ಮುಂಚಿತವಾಗಿಯೇ ಕೊಯ್ಯಿಸಿ ಒಣಗಲು ಇಡತಕ್ಕದ್ದು. ಗ್ರಾಮದ ಹಿರಿಯರು ಶಾಲೆ, ದೇವಸ್ಥಾನ, ಛತ್ರಗಳ ಮಾಳಿಗೆಗಳನ್ನು ಪ್ರತಿವರ್ಷವೂ ಮುಂಗಾರಿಗೆ ಮೊದಲು ಒಮ್ಮೆ, ಮಳೆಯ ನಡುವೆ ಒಮ್ಮೆ ಪರೀಕ್ಷೆಮಾಡಿಸಿದರೆ, ಒಂದು ಹೆಂಚಿನ ಖರ್ಚಿನಲ್ಲಿ ಒಂದು ತೊಲೆಯು ಉಳಿಯುವುದು.